ಹಕ್ಕಿಗಳ ಹಾಜರಿ ಕರೆದ ಮೇಷ್ಟ್ರು

1899ನೇ ಇಸವಿ. ಡೆನ್ಮಾರ್ಕಿನ ವೀಬೊರ್ಗ್ ಎಂಬ ಊರಿನಲ್ಲಿ ಒಬ್ಬ ಶಾಲಾ ಮೇಷ್ಟ್ರು 165 ಸ್ಟಾರ್ಲಿಂಗ್ ಹಕ್ಕಿಗಳನ್ನು ಹಿಡಿದರು. ಒಂದೊಂದರ ಕಾಲಿಗೂ ಅಲ್ಯೂಮಿನಿಯಂನ ಪುಟ್ಟ ಉಂಗುರ ತೊಡಿಸಿ, ಮತ್ತೆ ಹಾರಲು ಬಿಟ್ಟರು. ಉಂಗುರದ ಮೇಲೆ ಊರಿನ ಹೆಸರಿತ್ತು, ಪಕ್ಕದಲ್ಲೊಂದು ಸಂಖ್ಯೆ. ಯಾವ ಉಂಗುರದ ಸಂಖ್ಯೆಯೂ ಇನ್ನೊಂದರಂತಿರಲಿಲ್ಲ.

ಅವರ ಹೆಸರು ಹಾನ್ಸ್ ಕ್ರಿಶ್ಚಿಯನ್ ಕಾರ್ನೀಲಿಯಸ್ ಮಾರ್ಟೆನ್ಸನ್. ಹುಟ್ಟಿದ್ದು 1856ರಲ್ಲಿ, ತೀರಿಕೊಂಡದ್ದು 1921ರಲ್ಲಿ. ಅವರ ಕೈಯಲ್ಲಿ ದೊಡ್ಡ ಪ್ರಯೋಗಾಲಯವಿರಲಿಲ್ಲ, ಹಡಗು ಹತ್ತಿ ದೂರದ ದ್ವೀಪಗಳನ್ನು ಶೋಧಿಸಿದವರೂ ಅಲ್ಲ. ಪಾಠ ಮುಗಿಸಿ ಹಕ್ಕಿಗಳ ಹಿಂದೆ ಹೋಗುತ್ತಿದ್ದವರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಹಕ್ಕಿಯ ಕಾಲಿಗೆ ಸಂಖ್ಯೆಯಿರುವ ಉಂಗುರ ಹಾಕಿದರೂ ಅದರ ಮೂಲ ಈ ಮೇಷ್ಟ್ರ ಕೆಲಸದಲ್ಲಿದೆ.

ಅವರು ಬಿಡಿಸಹೊರಟ ಒಗಟು ಬಹಳ ಹಳೆಯದು. ಚಳಿ ಬಂದರೆ ಯುರೋಪಿನ ಹಕ್ಕಿಗಳು ಮಾಯವಾಗುತ್ತವೆ, ವಸಂತದಲ್ಲಿ ಮರಳುತ್ತವೆ. ನಡುವೆ ಎಲ್ಲಿರುತ್ತವೆ? ಅರಿಸ್ಟಾಟಲ್‌ನಂಥ ಅರಿಸ್ಟಾಟಲ್ ಕೂಡ ಕೆಲವು ಹಕ್ಕಿಗಳು ಚಳಿಗಾಲಕ್ಕೆ ಬೇರೊಂದು ಹಕ್ಕಿಯಾಗಿ ಬದಲಾಗುತ್ತವೆ ಎಂದು ಬರೆದಿಟ್ಟ. ಸ್ವಾಲೋ ಎಂಬ ಕವಲುಬಾಲದ ಹಕ್ಕಿಗಳು ಕೆರೆಯ ತಳದಲ್ಲಿ ಉಂಡೆಯಾಗಿ ಮಲಗಿರುತ್ತವೆ, ಬೆಸ್ತರ ಬಲೆಗೆ ಸಿಗುತ್ತವೆ ಎಂದು 16ನೇ ಶತಮಾನದಲ್ಲಿ ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್ ಬರೆದ. ಹಕ್ಕಿಗಳು ಚಂದ್ರನಿಗೇ ಹೋಗಿ ಬರುತ್ತವೆ ಎಂದು ವಾದಿಸಿದವರೂ ಇದ್ದರು. ಇದನ್ನೆಲ್ಲ ಓದಿ ನಗುವುದು ನ್ಯಾಯವಲ್ಲ. ಅಂಗೈಯಷ್ಟು ದೊಡ್ಡ ಜೀವವೊಂದು ಸಮುದ್ರ, ಮರುಭೂಮಿ ದಾಟಿ ಹೋಗಿ ಅದೇ ಸೂರಿಗೆ ಮರಳುತ್ತದೆ ಎಂಬ ನಿಜಕ್ಕಿಂತ ಕೆರೆಯ ಕೆಸರಿನ ಕಥೆಯೇ ನಂಬಲು ಸುಲಭವಾಗಿತ್ತು.

1822ರಲ್ಲಿ ಉತ್ತರ ಜರ್ಮನಿಯ ಕ್ಲ್ಯೂಟ್ಸ್ ಎಂಬ ಹಳ್ಳಿಯ ಬಳಿ ಒಂದು ಬಿಳಿ ಕೊಕ್ಕರೆ ಸಿಕ್ಕಿತು. ಅದರ ಕುತ್ತಿಗೆಗೆ ಆಫ್ರಿಕಾದ ಮರದ ಈಟಿಯೊಂದು ನಾಟಿಕೊಂಡಿತ್ತು. ಈಟಿ ಹೊತ್ತೇ ಅಷ್ಟು ದೂರ ಹಾರಿ ಬಂದಿತ್ತು ಆ ಜೀವ. ಇಂದಿಗೂ ರೋಸ್ಟಾಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅದನ್ನು ಕಾಣಬಹುದು. ಕೊಕ್ಕರೆಗಳು ಆಫ್ರಿಕಾಕ್ಕೆ ಹೋಗುತ್ತವೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಆದರೆ ಬೇಟೆಗಾರನ ಗುರಿ ತಪ್ಪಿದ್ದರಿಂದ ಸಿಕ್ಕ ಸಾಕ್ಷಿ ಅದು. ಹಾಗೆ ಆಕಸ್ಮಿಕಕ್ಕೆ ಕಾಯುತ್ತ ಕೂರದೆ, ಹಕ್ಕಿಗೆ ನೋವಾಗದಂತೆ, ನಾವೇ ಒಂದು ಗುರುತು ಕೊಟ್ಟು ಕಳಿಸಬಹುದಲ್ಲ? ಮಾರ್ಟೆನ್ಸನ್ ಮಾಡಿದ್ದು ಇದನ್ನೇ.

ಮೊದಲ ಯತ್ನ ಕೈಗೂಡಲಿಲ್ಲ. 1890ರಲ್ಲಿ ಅವರು ಎರಡು ಸ್ಟಾರ್ಲಿಂಗ್‌ಗಳಿಗೆ ಸತುವಿನ ಉಂಗುರ ಹಾಕಿದ್ದರು. ಸತು ಭಾರದ ಲೋಹ, ಹಕ್ಕಿಗಳಿಗೆ ತೊಡಕಾಗುತ್ತದೆ ಎಂದು ಕಂಡು ಅಲ್ಲಿಗೇ ಬಿಟ್ಟರು. ಮುಂದಿನ ಯತ್ನಕ್ಕೆ ಒಂಬತ್ತು ವರ್ಷ ಹಿಡಿಯಿತು. ಈ ನಿಲ್ಲಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉತ್ತರ ಬೇಕೆಂಬ ಹಸಿವಿದ್ದವರು ಇನ್ನಷ್ಟು ಹಕ್ಕಿಗಳ ಕಾಲಿಗೆ ಅದೇ ಭಾರ ಕಟ್ಟಿ ನೋಡಬಹುದಿತ್ತು. ಕಟ್ಟಲಿಲ್ಲ. ಹಾರಲು ತೊಡಕಾದ ಹಕ್ಕಿ ಸಹಜವಾಗಿ ವಲಸೆ ಹೋಗುವುದಿಲ್ಲ, ಅದು ಹೇಳುವ ಉತ್ತರವೂ ಸುಳ್ಳೇ ಆಗಿರುತ್ತದೆ. ಇಲ್ಲಿ ಕರುಣೆಯೂ ವಿಜ್ಞಾನವೂ ಒಂದೇ ಮಾತನ್ನು ಹೇಳುತ್ತಿದ್ದವು.

ಅವರ ನೆರವಿಗೆ ಬಂದದ್ದು ಪಕ್ಷಿಶಾಸ್ತ್ರವಲ್ಲ, ಲೋಹಶಾಸ್ತ್ರ. ಮಾರ್ಟೆನ್ಸನ್ ಹುಟ್ಟಿದ ಕಾಲಕ್ಕೆ ಅಲ್ಯೂಮಿನಿಯಂ ಬೆಳ್ಳಿಗಿಂತ ದುಬಾರಿ, ಅರಮನೆಯ ಲೋಹ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಹೆರೂ ಇಬ್ಬರೂ ಬೇರೆಬೇರೆಯಾಗಿ, ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಬೇರ್ಪಡಿಸುವ ದಾರಿ ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕ್ಕಿಳಿಯಿತು. ಒಂದು ಘನ ಸೆಂಟಿಮೀಟರ್ ಸತು 7 ಗ್ರಾಂಗಿಂತ ಹೆಚ್ಚು ತೂಗಿದರೆ, ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ. ಸ್ಟಾರ್ಲಿಂಗ್‌ನ ತೂಕವೇ 80 ಗ್ರಾಂ ಆಸುಪಾಸು. ಅದಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ನಮ್ಮ ಮನೆಗಳಿಗೆ ಪಾತ್ರೆಯಾಗಿ ಬಂದ ಅಲ್ಯೂಮಿನಿಯಂ ಹಕ್ಕಿಗಳಿಗೆ ಕಾಲುಂಗುರವಾಗಿ ಬಂದಿತು.

ಸ್ಟಾರ್ಲಿಂಗನ್ನೇ ಆರಿಸಿದ್ದರಲ್ಲೂ ಜಾಣತನವಿದೆ. ಅದು ನಮ್ಮ ಗೊರವಂಕ, ಕಬ್ಬಕ್ಕಿಗಳ ದಾಯಾದಿ. ಮನುಷ್ಯರ ನಡುವೆಯೇ ಬಾಳುತ್ತದೆ, ಮರಕ್ಕೆ ಪೆಟ್ಟಿಗೆ ಕಟ್ಟಿಕೊಟ್ಟರೆ ಅದರಲ್ಲೇ ಗೂಡು ಮಾಡುತ್ತದೆ. ಹಕ್ಕಿ ಒಳಹೊಕ್ಕೊಡನೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥ ಪೆಟ್ಟಿಗೆಗಳನ್ನು ಮೇಷ್ಟ್ರು ಅಣಿಮಾಡಿದರು. ಸ್ಟಾರ್ಲಿಂಗ್‌ಗಳು ಕೈಗೆ ಒಗ್ಗಿದ ಮೇಲೆ ಕೊಕ್ಕರೆ, ಬಕ, ಕಡಲಕ್ಕಿಗಳ ಸರದಿ ಬಂತು. ಫಾನ್ಯೋ ದ್ವೀಪದಲ್ಲಿ ಬಾತುಗಳನ್ನು ಬಲೆಯ ಸುರಂಗಕ್ಕೆ ಸೆಳೆದು ಹಿಡಿಯುವ ಕೊಳಗಳಿದ್ದವು. ಊಟಕ್ಕೆಂದು ಬಾತು ಹಿಡಿಯುತ್ತಿದ್ದ ಆ ಜಾಗದಲ್ಲೇ ಅವರು ಬಾತುಗಳಿಗೆ ಉಂಗುರ ತೊಡಿಸಿ ಬಿಟ್ಟುಕಳಿಸಿದರು.

ಇದರಲ್ಲಿ ಹೊಸದೇನು? ಹಕ್ಕಿಯ ಕಾಲಿಗೆ ದಾರವನ್ನೋ ತಗಡನ್ನೋ ಕಟ್ಟಿದವರು ಹಿಂದೆಯೂ ಇದ್ದರು. ರಾಜರು ತಮ್ಮ ಡೇಗೆಗಳಿಗೆ ಗುರುತಿನ ಪಟ್ಟಿ ಹಾಕಿಸುತ್ತಿದ್ದರು. ಹೊಸದಾಗಿದ್ದದ್ದು ಆ ಸಂಖ್ಯೆ, ಮತ್ತು ಆ ಸಂಖ್ಯೆಯನ್ನು ಕಾಯುವ ಪುಸ್ತಕ. ಇದನ್ನು ಯೋಚಿಸುವಾಗೆಲ್ಲ ನನಗೆ ಶಾಲೆಯ ಹಾಜರಿ ಪುಸ್ತಕ ಕಣ್ಣಿಗೆ ಕಟ್ಟುತ್ತದೆ. ಹೊರಗಿನವರಿಗೆ ಅದು ಏಳನೇ ತರಗತಿ, ಅಷ್ಟೆ. ಹಾಜರಿ ಕರೆಯುವ ಮೇಷ್ಟ್ರಿಗೆ ಮಾತ್ರ ಹನ್ನೆರಡನೇ ನಂಬರಿನ ಹುಡುಗಿ ಮೂರು ದಿನದಿಂದ ಬಂದಿಲ್ಲ ಎಂಬುದು ಗೊತ್ತು. ಅಲ್ಲಿಯವರೆಗೆ ವಿಜ್ಞಾನಕ್ಕೆ ಹಕ್ಕಿ ಎಂದರೆ ಒಂದು ಜಾತಿ, ಒಂದು ಹಿಂಡು, ಅಥವಾ ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಹತ್ತಿ ತುಂಬಿ ಮಲಗಿಸಿದ ಚರ್ಮ. ಮಾರ್ಟೆನ್ಸನ್ನರ ನಂತರ ಹಕ್ಕಿ ಎಂದರೆ ಇದೇ ಹಕ್ಕಿ. ಇಂಥ ದಿನ ಇಲ್ಲಿತ್ತು, ಇಂಥ ದಿನ ಅಲ್ಲಿ ಸಿಕ್ಕಿತು, ಇಷ್ಟು ವರ್ಷ ಬದುಕಿತ್ತು. ಕಾಡುಹಕ್ಕಿಯ ಆಯಸ್ಸು ಎಷ್ಟು ಎಂಬ ಸರಳ ಪ್ರಶ್ನೆಗೂ ಇದಕ್ಕೆ ಮೊದಲು ನೆಟ್ಟಗೆ ಉತ್ತರವಿರಲಿಲ್ಲ.

ವಿಧಾನ ಬೇಗ ಹಬ್ಬಿತು. ಬಾಲ್ಟಿಕ್ ಕರಾವಳಿಯ ರೋಸಿಟನ್‌ನಲ್ಲಿ ಯೊಹಾನೆಸ್ ಟೀನೆಮನ್ 1903ರಿಂದ ಉಂಗುರ ತೊಡಿಸತೊಡಗಿದರು, 1909ರಲ್ಲಿ ಬ್ರಿಟನ್ ಸೇರಿಕೊಂಡಿತು. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನ ಮನೆಯೊಂದರಲ್ಲಿ ಗೂಡು ಕಟ್ಟಿದ್ದ ಸ್ವಾಲೋಗೆ ಬಿ 830 ಎಂಬ ಉಂಗುರ ಹಾಕಿದರು. 1912ರ ಡಿಸೆಂಬರಿನಲ್ಲಿ ಅದು ದಕ್ಷಿಣ ಆಫ್ರಿಕಾದ ನಟಾಲ್‌ನ ತೋಟದ ಮನೆಯೊಂದರಲ್ಲಿ ಸಿಕ್ಕಿತು. ಮನೆಯವರು ಉಂಗುರ ಓದಿ ಕಾಗದ ಬರೆದರು. ಕೆರೆಯ ತಳದಲ್ಲಿ ಮಲಗುತ್ತದೆ ಎನ್ನುತ್ತಿದ್ದ ಹಕ್ಕಿ ಒಂದು ಖಂಡವನ್ನೇ ಉದ್ದುದ್ದ ದಾಟಿ ಹೋಗಿತ್ತು!

ಗಮನಿಸಬೇಕಾದದ್ದು ಆ ಕಾಗದ. ಉಂಗುರ ತಾನಾಗಿ ಮಾತಾಡುವುದಿಲ್ಲ. ಎಲ್ಲೋ ಒಬ್ಬ ರೈತ, ಒಬ್ಬ ಬೆಸ್ತ, ಶಾಲೆಗೆ ಹೊರಟ ಒಂದು ಮಗು ಸತ್ತ ಹಕ್ಕಿಯನ್ನು ಎತ್ತಿ ನೋಡಬೇಕು, ಕಾಲಿನ ಅಕ್ಷರ ಓದಬೇಕು, ಅಂಚೆಗೆ ಹಾಕಬೇಕು. ಸಣ್ಣ ಹಕ್ಕಿಗಳಲ್ಲಿ ನೂರಕ್ಕೆ ಉಂಗುರ ಹಾಕಿದರೆ ಒಂದರ ಸುದ್ದಿಯೂ ಮರಳಿ ಬರದಿರುವುದೇ ಹೆಚ್ಚು. ಬಂದರೂ ಅದು ಹೇಳುವುದು ಎರಡು ಚುಕ್ಕಿಗಳನ್ನಷ್ಟೇ, ನಡುವಿನ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ಅಷ್ಟು ಕಡಿಮೆ ಫಸಲಿಗೆ ಅಷ್ಟು ಬಿತ್ತನೆ. ವರ್ಷ ವರ್ಷವೂ ಹೊಸ ಮಕ್ಕಳನ್ನು ಬೆಳೆಸಿ ಹೊರಗೆ ಕಳಿಸಿ, ಎಂದೋ ಒಬ್ಬರಿಂದ ಬರುವ ಪತ್ರಕ್ಕೆ ಹಿಗ್ಗುವ ಮೇಷ್ಟ್ರುಗಳಿಗೆ ಈ ಲೆಕ್ಕ ಹೊಸದಲ್ಲ.

ಈ ಉಂಗುರದ ಕಥೆಗೆ ನಮ್ಮ ಮಲೆನಾಡಿನಲ್ಲಿ ಒಂದು ವಿಚಿತ್ರ ಅಧ್ಯಾಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಊರುಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಂಡುಹಿಡಿದ ವೈರಸ್ಸು ರಷ್ಯಾದ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಸೈಬೀರಿಯಾದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಹೊತ್ತು ತಂದಿರಬಹುದೇ ಎಂಬ ಅನುಮಾನ ಎದ್ದಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರ ಮುಂದಾಳುತನದಲ್ಲಿ ಭಾರತದ ಹಲವೆಡೆ ಹಕ್ಕಿಗಳಿಗೆ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕೆಲಸ ಶುರುವಾಯಿತು. ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವೆಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಅದು ಇಲ್ಲಿನ ಕಾಡಿನ ಉಣ್ಣೆಗಳಲ್ಲೇ ಬೇರೂರಿದ ರೋಗ. ಆದರೆ ನಮ್ಮ ನೆಲಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ ಎಂಬ ತಿಳಿವಳಿಕೆಗೆ ಅಡಿಪಾಯ ಬಿದ್ದದ್ದು ಆ ವರ್ಷಗಳಲ್ಲಿ. ಮಲೆನಾಡಿನ ನೋವಿನ ಬೆನ್ನು ಹತ್ತಿ ಬಂದ ಜ್ಞಾನ ಅದು.

ಈಗ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೋ ಮೈಸೂರು ಸೀಮೆಯ ಕೆರೆಗಳಿಗೋ ಹೋದರೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬಹುದು. ಹಿಮಾಲಯ ದಾಟಿ ಬರುವ ಹಕ್ಕಿಗಳವು. ಉಪಗ್ರಹದ ಮೂಲಕ ಹಿಂಬಾಲಿಸಿದಾಗ ಒಂದು ಹೆಬ್ಬಾತು 7290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಕೆಲವುಗಳ ಕೊರಳಲ್ಲಿ ಮಂಗೋಲಿಯಾದಲ್ಲಿ ತೊಡಿಸಿದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ದಡದಲ್ಲೇ ಕೂತು ದುರ್ಬೀನಿನಲ್ಲಿ ಅದರ ಅಕ್ಷರ ಓದಬಹುದು, ಹಕ್ಕಿಯನ್ನು ಮುಟ್ಟಬೇಕಿಲ್ಲ. ನಿಮಗೆ ಅಂಥದ್ದು ಕಂಡರೆ ಬಣ್ಣ, ಅಕ್ಷರ, ಸಂಖ್ಯೆ, ದಿನ, ಜಾಗ ಬರೆದುಕೊಳ್ಳಿ, ಸಾಧ್ಯವಾದರೆ ಚಿತ್ರ ತೆಗೆಯಿರಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಜೀವಂತ ಹಕ್ಕಿಯ ಉಂಗುರವನ್ನು ಮಾತ್ರ ಬಿಚ್ಚಬೇಡಿ. ಅದು ಇನ್ನೂ ಬರೆದು ಮುಗಿಯದ ಪುಟ.

ಉಪಗ್ರಹದ ಯಂತ್ರ ನಡುವಿನ ಗೆರೆಯನ್ನೂ ಎಳೆದು ತೋರಿಸುತ್ತದೆ, ನಿಜ. ಆದರೆ ಅದಕ್ಕೂ ಆಯಸ್ಸಿದೆ. ಉಂಗುರಕ್ಕೆ ಬ್ಯಾಟರಿ ಬೇಡ, ಸವೆದರೆ ಬೇರೊಂದು ತೊಡಿಸಿ ಹಳೆಯ ಸಂಖ್ಯೆಯ ಮುಂದೆ ಹೊಸದನ್ನು ಬರೆದುಕೊಂಡರಾಯಿತು. 1956ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿತಜ್ಞ ಒಂದು ಆಲ್ಬಟ್ರಾಸ್ ಹಕ್ಕಿಗೆ ಉಂಗುರ ಹಾಕಿದ್ದರು. 2002ರಲ್ಲಿ ಅವರು ಅದೇ ದ್ವೀಪಕ್ಕೆ ಮತ್ತೆ ಹೋಗಿ, ಹಲವು ಹಕ್ಕಿಗಳನ್ನು ಹಿಡಿದು ಸಂಖ್ಯೆಗಳನ್ನು ಗುರುತು ಹಾಕಿಕೊಂಡರು. ಆಮೇಲೆ ಹಳೆಯ ದಾಖಲೆಗಳನ್ನು ಒಂದೊಂದಾಗಿ ಹಿಂದಕ್ಕೆ ತಾಳೆ ನೋಡುತ್ತ ಹೋದಾಗ, ಆ ಹಕ್ಕಿಗಳಲ್ಲೊಂದು 46 ವರ್ಷದ ಹಿಂದೆ ತಾವೇ ಉಂಗುರ ತೊಡಿಸಿದ್ದ ಹಕ್ಕಿ ಎಂದು ತಿಳಿಯಿತು. ಅದಕ್ಕೆ ವಿಸ್ಡಮ್ ಎಂದು ಹೆಸರಿಟ್ಟಿದ್ದಾರೆ. 2024ರ ಕೊನೆಯಲ್ಲಿ, 70 ದಾಟಿದ ವಯಸ್ಸಿನಲ್ಲಿ, ಅದು ಮತ್ತೊಂದು ಮೊಟ್ಟೆ ಇಟ್ಟಿತು.