ಸಾಕ್ಷಿಯ ಮನೆಗೆ ಹೋಗಬೇಡಿ ಅಂದರೆ ಹೋಗಬೇಡಿ

ಒಂದು ಬೆಳಿಗ್ಗೆ ನಾನು ಕಚೇರಿ ಬಾಗಿಲು ತೆಗೆಯುವ ಮೊದಲೇ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಅವರ ಮಗ ಕೊಲೆ ಕೇಸಿನಲ್ಲಿ ಎ-3, ಅಂದರೆ ಮೂರನೇ ಆರೋಪಿ. ಜೈಲು ಸೇರಿ ನಾಲ್ಕು ತಿಂಗಳಾಗಿತ್ತು. ಮಾರನೇ ದಿನ ಸೆಷನ್ಸ್ ಕೋರ್ಟಿನಲ್ಲಿ ಜಾಮೀನು ಅರ್ಜಿಯ ವಾದ ಇತ್ತು. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಛಾಪಾ ಕಾಗದ ತೆಗೆದು ಮೇಜಿನ ಮೇಲಿಟ್ಟರು, ಅಂಗೈಯಿಂದ ಉಜ್ಜಿ ಉಜ್ಜಿ ಮಡಿಕೆ ಬಿಡಿಸಿದರು. "ಇನ್ನು ಚಿಂತೆ ಇಲ್ಲ ಸರ್. ಸಾಕ್ಷಿನೇ ಬರೆದುಕೊಟ್ಟಿದ್ದಾನೆ."

ಬರೆದುಕೊಟ್ಟವನು ಸಿಡಬ್ಲ್ಯೂ-4. ಅಂದರೆ ಚಾರ್ಜ್‌ಶೀಟಿನ ನಾಲ್ಕನೇ ಸಾಕ್ಷಿ, ಘಟನೆಯನ್ನು ಕಣ್ಣಾರೆ ಕಂಡವನು ಅಂತ ಪೊಲೀಸರು ತೋರಿಸಿದ್ದವನು. ಈಗ 'ನಾನು ಏನೂ ನೋಡಿಲ್ಲ' ಅಂತ ರುಜು ಹಾಕಿದ್ದಾನೆ, ಕೆಳಗೆ ನೋಟರಿ ಸೀಲು.

"ಅವನ ಮನೆಗೆ ಯಾರು ಯಾರು ಹೋಗಿದ್ರಿ?"

"ನಾನು, ಹುಡುಗನ ಸೋದರಮಾವ, ಇನ್ನಿಬ್ಬರು. ಗಲಾಟೆ ಏನೂ ಮಾಡಿಲ್ಲ ಸರ್, ಕೈಮುಗಿದು ಕೇಳಿದ್ವಿ."

ಕೈಮುಗಿದೇ ಕೇಳಿರುತ್ತಾರೆ, ನನಗೆ ಅನುಮಾನ ಇಲ್ಲ. ಆದರೆ ಜಡ್ಜ್ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅಂತ ಒಂದು ನಿಮಿಷ ಯೋಚಿಸಿ. ಮಗ ಒಳಗಿರುವಾಗಲೇ ನಾಲ್ಕು ಜನ ಹೋಗಿ ಸಾಕ್ಷಿಯ ಕೈಲಿ ಬರೆಸಿಕೊಂಡು ಬಂದಿದ್ದಾರೆ, ಇನ್ನು ಮಗನೇ ಹೊರಗೆ ಬಂದರೆ?

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಜಾಮೀನು ಅರ್ಜಿಯಲ್ಲಿ ನ್ಯಾಯಾಧೀಶರ ಮುಂದಿರುವ ಪ್ರಶ್ನೆ 'ಇವನು ಕೊಂದನಾ ಇಲ್ಲವಾ' ಅಲ್ಲ. ಅದಕ್ಕೆ ವಿಚಾರಣೆ ಇದೆ. ಸಾಕ್ಷಿಗಳು ಕಟಕಟೆ ಹತ್ತಬೇಕು, ಪಾಟೀಸವಾಲು ಆಗಬೇಕು. ಜಾಮೀನಿನ ದಿನ ಇರುವುದು ಕಾಗದ ಮಾತ್ರ. ಎಫ್‌ಐಆರ್, ಪೊಲೀಸರು ಬರೆದುಕೊಂಡ ಹೇಳಿಕೆಗಳು, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಪಿಪಿ (ಸರ್ಕಾರಿ ವಕೀಲರು) ಸಲ್ಲಿಸಿದ ತಕರಾರು. ಅಷ್ಟನ್ನು ಮೇಲ್ನೋಟಕ್ಕೆ ಓದಿದರೆ ಇವನ ಮೇಲೆ ನಂಬುವಂಥದ್ದು ಏನಿದೆ? ಮಚ್ಚು ಬೀಸಿದವನಾ, ಬೈಕ್ ಓಡಿಸಿದವನಾ, ಸುಮ್ನೆ ಜೊತೆಗಿದ್ದ ಅನ್ನುವ ಆರೋಪವಾ? ಬಿಟ್ಟರೆ ಓಡಿಹೋಗುತ್ತಾನಾ? ಒಳಗೆ ಎಷ್ಟು ದಿನ ಆಯ್ತು, ವಿಚಾರಣೆ ಯಾವಾಗ ಮುಗಿದೀತು? ಇವೆಲ್ಲದರ ಜೊತೆ ಇನ್ನೊಂದು ಪ್ರಶ್ನೆ ಇದೆ, ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ಅಲ್ಲೇ. ಹೊರಗೆ ಬಂದು ಸಾಕ್ಷಿಗಳನ್ನು ಹೆದರಿಸುತ್ತಾನಾ, ಅಥವಾ ಒಲಿಸಿಕೊಳ್ಳುತ್ತಾನಾ? ಒಲಿಸಿಕೊಳ್ಳುವುದೂ ತಪ್ಪೇ. ಬೆದರಿಕೆ ಆಗಲಿ, ಆಮಿಷ ಆಗಲಿ, ಭರವಸೆ ಆಗಲಿ, ಮೂರನ್ನೂ ಕಾನೂನು ಒಂದೇ ಸಾಲಿನಲ್ಲಿ ಬರೆದಿದೆ. ನೇರವಾಗಿ ಮಾತ್ರ ಅಲ್ಲ, ಪರೋಕ್ಷವಾಗಿ ಮಾಡಿದರೂ ಅಷ್ಟೇ. ಪರೋಕ್ಷ ಅಂದರೆ ಯಾರು? ಅಪ್ಪ, ಸೋದರಮಾವ, ಇನ್ನಿಬ್ಬರು.

ಕೊಲೆ ಕೇಸಿನಲ್ಲಿ ಇದು ಇನ್ನೂ ಬಿಗಿ. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) 302, 2024ರ ಜುಲೈ 1ರಿಂದ ಈಚಿನ ಕೃತ್ಯಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103. ಆರೋಪ ನಂಬಲು ಸಕಾರಣ ಇದೆ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಬಿಡುವಂತಿಲ್ಲ. ಹೆಂಗಸರು, ಮಕ್ಕಳು, ಕಾಯಿಲೆಯವರಿಗೆ ವಿನಾಯಿತಿ ಉಂಟು. ಆದ್ದರಿಂದ ನಾವು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 483ರಲ್ಲಿ ಸೆಷನ್ಸ್‌ಗೋ ಹೈಕೋರ್ಟಿಗೋ ಹೋಗುತ್ತೇವೆ. 'ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡುಗಡೆ' ಅನ್ನೋ ವಾಟ್ಸಾಪ್ ಸಂದೇಶ ಹಿಡಿದು ಬರುವವರು ಜಾಸ್ತಿಯಾಗಿದ್ದಾರೆ. ಆ 479ನೇ ಕಲಂ ಕೊಲೆ ಆರೋಪಕ್ಕೆ ಅನ್ವಯಿಸುವುದಿಲ್ಲ. ತೊಂಬತ್ತು ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳಬಹುದು ಅನ್ನುವುದು ನಿಜ. ಆದರೆ ಎಣಿಸುವುದು ಬಂಧಿಸಿದ ದಿನದಿಂದ ಅಲ್ಲ, ಕೋರ್ಟು ಕಸ್ಟಡಿಗೆ ಒಪ್ಪಿಸಿದ ದಿನದಿಂದ. ಅಷ್ಟರೊಳಗೆ ಚಾರ್ಜ್‌ಶೀಟ್ ಬಂದರೆ ಆ ದಾರಿ ಮುಚ್ಚಿತು.

2025ರ ಆಗಸ್ಟ್ 14ರ ತೀರ್ಪು ನೆನಪಿದೆ ಅಲ್ವಾ? ಕನ್ನಡದ ನಟರೊಬ್ಬರಿಗೆ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸಾಕ್ಷಿಗಳ ಮಾತು ನಂಬಬಹುದಾ ಬೇಡವಾ ಅಂತ ಜಾಮೀನಿನ ಹಂತದಲ್ಲೇ ಕೂತು ತೂಗಿದ್ದು ತಪ್ಪು, ಅದು ವಿಚಾರಣಾ ನ್ಯಾಯಾಲಯದ ಕೆಲಸ ಅನ್ನುವುದು ಅದರಲ್ಲಿದ್ದ ಮುಖ್ಯ ಮಾತುಗಳಲ್ಲಿ ಒಂದು. ಜಾಮೀನು ಸಿಕ್ಕಾಗ ಒಂದಿಷ್ಟು ಜನ ಖುಲಾಸೆ ಆಯ್ತು ಅಂದರು, ರದ್ದಾದಾಗ ಇನ್ನೊಂದಿಷ್ಟು ಜನ ಅಪರಾಧ ಸಾಬೀತಾಯ್ತು ಅಂದರು. ಎರಡೂ ಅಲ್ಲ. ಸತ್ತವರ ಕಡೆಯವರೂ ಹೀಗೇ. ಅಣ್ಣನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು, ಆರೋಪಿಗೆ ಜಾಮೀನು ಸಿಕ್ಕ ದಿನ, ಕೇಸು ಮುಗಿದೇಹೋಯ್ತು ಅಂದುಕೊಂಡು ಕಾಗದಗಳನ್ನೆಲ್ಲ ಗಂಟು ಕಟ್ಟಿ ಇಟ್ಟುಬಿಟ್ಟಿದ್ದಳು. ಸಾಕ್ಷಿ ಹೇಳಲು ಸಮನ್ಸ್ ಬಂದಾಗ ಅವಳಿಗೇ ಆಶ್ಚರ್ಯ.

ಹೊರಗೆ ಇದ್ದಾಗ ಮನುಷ್ಯ ಹೇಗೆ ನಡೆದುಕೊಂಡ ಅನ್ನುವುದಕ್ಕೆ ಕೋರ್ಟಿನಲ್ಲಿ ಬೆಲೆ ಇದೆ. 1977ರಲ್ಲಿ ಗುಡಿಕಂಟಿ ನರಸಿಂಹುಲು ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, ಕೊಲೆ ಕೇಸಿನಲ್ಲಿ ಹೈಕೋರ್ಟಿನಿಂದ ಶಿಕ್ಷೆಯಾಗಿದ್ದವರನ್ನೂ ಮೇಲ್ಮನವಿ ಮುಗಿಯುವ ತನಕ ಜಾಮೀನಿನ ಮೇಲೆ ಬಿಟ್ಟರು. ಕೆಳಗಿನ ಕೋರ್ಟು ಅವರನ್ನು ಖುಲಾಸೆ ಮಾಡಿತ್ತು, ಹಿಂದೆ ಹೊರಗಿದ್ದಾಗ ಅವರು ಸ್ವಾತಂತ್ರ್ಯವನ್ನು ದುರುಪಯೋಗ ಮಾಡಿಕೊಂಡಿರಲಿಲ್ಲ, ಎರಡೂ ಲೆಕ್ಕಕ್ಕೆ ಬಂತು. ಹಾಗಂತ ಎಲ್ಲ ಕೇಸಿಗೂ ಇದೇ ಅಳತೆ ಅಂತ ನಾನು ಹೇಳುತ್ತಿಲ್ಲ. ಒಬ್ಬೊಬ್ಬರ ಕಾಗದ ಒಂದೊಂದು ಥರ, ನಿಮ್ಮ ಕೇಸಿನ ಮಾತು ನಿಮ್ಮ ವಕೀಲರ ಹತ್ತಿರವೇ ಕೇಳಿ.

ಆ ಛಾಪಾ ಕಾಗದವನ್ನು ನಾನು ಕೋರ್ಟಿಗೆ ಕೊಡಲಿಲ್ಲ. ಹುಡುಗನಿಂದ ಆಯುಧ ವಶಪಡಿಸಿಕೊಂಡಿಲ್ಲ, ಹೊಡೆದ ಅಂತ ಯಾರ ಹೇಳಿಕೆಯಲ್ಲೂ ಸ್ಪಷ್ಟವಾಗಿಲ್ಲ ಅಂತಷ್ಟೇ ವಾದ ಮಾಡಿದೆ. ಪಿಪಿ ಎದ್ದು ನಿಂತು, ಆರೋಪಿ ಕಡೆಯವರು ಸಾಕ್ಷಿಯ ಮನೆಗೆ ಹೋಗಿ ಬಂದಿದ್ದಾರೆ ಅಂತ ಆ ಸಾಕ್ಷಿಯೇ ಠಾಣೆಯಲ್ಲಿ ಹೇಳಿದ್ದನ್ನು ಓದಿದರು. ಭಯಕ್ಕೆ ರುಜು ಹಾಕಿದವನು ಭಯಕ್ಕೇ ಠಾಣೆಗೂ ಹೋಗಿದ್ದ. ಅರ್ಜಿ ವಜಾ. ಅಪ್ಪ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತವರು ಅರ್ಧ ಗಂಟೆ ಏಳಲಿಲ್ಲ. ಬೈಯಬೇಕು ಅಂತ ಹೋದವನು ನಾನೂ ಪಕ್ಕದಲ್ಲಿ ಕೂತೆ.

ಸಿಡಬ್ಲ್ಯೂ-4 ಕಟಕಟೆ ಹತ್ತಿದ್ದು ಒಂಬತ್ತು ತಿಂಗಳ ಮೇಲೆ. ಪಾಟೀಸವಾಲಿನಲ್ಲಿ ನಾಲ್ಕೇ ಪ್ರಶ್ನೆ ಕೇಳಿದೆ. ಎ-3 ಅಲ್ಲಿ ನಿಂತಿದ್ದ, ಹೊಡೆದದ್ದು ನೋಡಿಲ್ಲ ಅಂದ. ಯಾರೂ ಹೋಗಿ ಕೇಳದಿದ್ದರೂ ಅಷ್ಟೇ ಹೇಳುತ್ತಿದ್ದ ಅಂತ ಕಾಣುತ್ತೆ. ಪರಿಸ್ಥಿತಿ ಬದಲಾಗಿದೆ ಅಂತ ಹೊಸ ಅರ್ಜಿ ಹಾಕಿದೆ, ಇಬ್ಬರು ಶ್ಯೂರಿಟಿ ಮತ್ತು ಸಾಕ್ಷಿಗಳ ಹತ್ತಿರ ಸುಳಿಯಬಾರದು ಅನ್ನುವ ಷರತ್ತಿನ ಮೇಲೆ ಹುಡುಗ ಹೊರಗೆ ಬಂದ.

ಸಾಕ್ಷಿ ಹೇಳಿದ ದಿನ ಕಾರಿಡಾರಿನಲ್ಲಿ ಆ ಸಿಡಬ್ಲ್ಯೂ-4 ಎದುರಿಗೇ ಬಂದಿದ್ದ. ಅಪ್ಪ ಥಟ್ಟನೆ ತಿರುಗಿ, ಅವನು ದಾಟಿ ಹೋಗುವ ತನಕ ಗೋಡೆಗೆ ಅಂಟಿಸಿದ್ದ ಕೇಸಿನ ಪಟ್ಟಿ ನೋಡುತ್ತಾ ನಿಂತರು. ಅವರಿಗೆ ಓದಲು ಬರುವುದಿಲ್ಲ.

"ನಮಸ್ಕಾರ ಅಂದ್ರೂ ತಪ್ಪಾಗ್ತಿತ್ತಾ ಸರ್?" ಅಂತ ಆಮೇಲೆ ಮೆಲ್ಲಗೆ ಕೇಳಿದರು.