ತಾಶಿ ದೆಲೆ ಎಲ್ಲರ ನಮಸ್ಕಾರ ಆಗಿದ್ದು ಹೇಗೆ?

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಬಂದವರಲ್ಲಿ ಬಹಳ ಜನಕ್ಕೆ ಗೊತ್ತಿರುವ ಟಿಬೆಟನ್ ಮಾತು ಒಂದೇ: ತಾಶಿ ದೆಲೆ. ಕೇಳಿದರೆ ಹಿಂದಿನ ಕಾಲದಿಂದಲೂ ಟಿಬೆಟ್‌ನಲ್ಲಿ ಎಲ್ಲರೂ ಹೀಗೇ ನಮಸ್ಕಾರ ಹೇಳುತ್ತಿದ್ದರು ಅನಿಸುತ್ತದೆ, ಅಲ್ವಾ? ಮಾತು ಹಳೆಯದೇ. ಆದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳುವ ರೂಢಿ ಬಲವಾಗಿದ್ದು 1959ರ ನಂತರ, ಅದೂ ಊರು ಬಿಟ್ಟು ಬಂದವರ ನಡುವೆ.

ಮೊದಲು ಅದು ಲೋಸಾರ್ ಹಬ್ಬದ ಮಾತಾಗಿತ್ತು. ಲೋಸಾರ್ ಅಂದರೆ ಟಿಬೆಟನ್ನರ ಹೊಸ ವರ್ಷ. ಆ ದಿನ ನೆಂಟರ ಮನೆಗೆ ಹೋಗಿ 'ತಾಶಿ ದೆಲೆ ಫುನ್ಸುಮ್ ತ್ಸೋಕ್' ಎಂದು ಹಾರೈಸುತ್ತಿದ್ದರು. ಶುಭವಾಗಲಿ, ಎಲ್ಲ ತುಂಬಿ ಬರಲಿ ಅಂತ. ಅದನ್ನು ದಿನಾ ಹೇಳುವುದೆಂದರೆ, 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ನಾವು ವರ್ಷವಿಡೀ ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಓಡಾಡಿದ ಹಾಗೆ.

ಹಾಗಾದರೆ ಬೇರೆ ದಿನ ಏನು ಹೇಳುತ್ತಿದ್ದರು? ಅದು ಊರಿನ ಮೇಲೆ ಹೋಗುತ್ತಿತ್ತು. ರಾಜಧಾನಿ ಲಾಸಾದಲ್ಲಿ ಪರಿಚಯದವರು ಸಿಕ್ಕರೆ 'ಎಲ್ಲಿಗೆ ಹೊರಟಿರಿ?' ಅಂತ ಕೇಳಿದರೆ ಸಾಕು. ಉತ್ತರ ಯಾರಿಗೂ ಬೇಕಿರಲಿಲ್ಲ. ಸ್ವಲ್ಪ ಗೌರವ ಬೇಕೆಂದರೆ 'ಕುಸು ದೆಪೋ ಯಿನ್ಪೆ', ಮೈ ಚೆನ್ನಾಗಿದೆಯಾ ಅಂತ. ದೂರದ ಆಮ್ದೋ ಪ್ರಾಂತ್ಯದಲ್ಲಿ 'ಚೋ ದೆಮೋ'. ಲಡಾಖಿನಲ್ಲಿ 'ಜುಲೆ', ಭೂತಾನಿನಲ್ಲಿ 'ಕುಝು ಝಂಗ್‌ಪೋ ಲಾ'. ಈ ಎರಡು ಕಡೆಯ ಭಾಷೆಗಳೂ ಟಿಬೆಟನ್ ಬೇರಿನವೇ.

'ಕಣಿವೆಗೊಂದು ಮಾತು, ಲಾಮಾನಿಗೊಂದು ಧರ್ಮ' ಅಂತ ಟಿಬೆಟನ್ನರದೇ ಗಾದೆಯಿದೆ. ಉತ್ಪ್ರೇಕ್ಷೆಯೇನಲ್ಲ. ಹಳೆಯ ಟಿಬೆಟನ್‌ನಿಂದ ಒಡೆದ ಆಡುನುಡಿಗಳು 200ಕ್ಕೂ ಜಾಸ್ತಿ ಅನ್ನುತ್ತಾರೆ ಫ್ರಾನ್ಸಿನ ಭಾಷಾತಜ್ಞ ನಿಕೋಲಾ ತುರ್ನಾದ್ರ್. ಟಿಬೆಟನ್ನರು ಮಾತ್ರ ಸುಲಭವಾಗಿ ಮೂರು ಹೆಸರು ಹೇಳುತ್ತಾರೆ: ಲಾಸಾ ಇರುವ ಊ-ತ್ಸಾಂಗ್, ಪೂರ್ವದ ಖಾಮ್, ಈಶಾನ್ಯದ ಆಮ್ದೋ. ಲಾಸಾದವರು ಆಮ್ದೋದ ಹಳ್ಳಿಗೆ ಹೋದರೆ ಮಾತು ಅರ್ಥವಾಗದೆ ತಡಕಾಡಬೇಕು. ಈಗಿನ ದಲೈ ಲಾಮಾ ಹುಟ್ಟಿದ್ದೇ ಆಮ್ದೋದ ತಕ್ತ್ಸೆರ್ ಹಳ್ಳಿಯಲ್ಲಿ, 1935ರಲ್ಲಿ. ಲಾಸಾದ ನುಡಿಯನ್ನು ಅವರೂ ಚಿಕ್ಕಂದಿನಲ್ಲಿ ಅಲ್ಲಿಗೆ ಹೋದ ಮೇಲೆ ಕಲಿತದ್ದು.

ಇವುಗಳಲ್ಲಿ ಹೆಚ್ಚಿನ ನುಡಿಗಳಿಗೆ ಬರಹ ಮಾತ್ರ ಒಂದೇ. ಏಳನೇ ಶತಮಾನದಲ್ಲಿ ತೋನ್ಮಿ ಸಂಭೋಟ ಎಂಬ ಮಂತ್ರಿ ಭಾರತದಿಂದ ಅಕ್ಷರ ಕಲಿತು ಹೋಗಿ ಈ ಲಿಪಿ ಮಾಡಿದ ಎಂಬುದು ಅವರ ಪರಂಪರೆಯ ಕಥೆ. ಮೂಲ ಬ್ರಾಹ್ಮಿ, ಕನ್ನಡ ಲಿಪಿಗೂ ಅದೇ ಮೂಲ. ನಮ್ಮ ಒತ್ತಕ್ಷರದಂತೆ ಅಲ್ಲೂ ಒಂದರ ಕೆಳಗೊಂದು ಅಕ್ಷರ ಕೂರುತ್ತದೆ. 'ಮಾತು, ನುಡಿ' ಎಂಬ ಅರ್ಥದ ಪದವನ್ನು ಬರೆಯುವುದು 'ಸ್ಕದ್' ಎಂದು. ಲಡಾಖಿನವರು ಇವತ್ತಿಗೂ ಹೆಚ್ಚುಕಡಿಮೆ ಬರೆದಂತೆಯೇ 'ಸ್ಕತ್' ಅನ್ನುತ್ತಾರೆ. ಆಮ್ದೋದಲ್ಲಿ ಮೊದಲ ಅಕ್ಷರ ಸವೆದು 'ಹ್ಕತ್' ಆಗಿದೆ. ಲಾಸಾದಲ್ಲಿ ಹಿಂದೂ ಇಲ್ಲ ಮುಂದೂ ಇಲ್ಲ, ಬರೀ 'ಕೆ'. ಉದುರಿದ ಅಕ್ಷರಗಳ ಜಾಗದಲ್ಲಿ ಲಾಸಾದವರು ದನಿ ಏರಿಸಿ ಇಳಿಸಿ ಪದಗಳನ್ನು ಬೇರೆ ಮಾಡುತ್ತಾರೆ. ಆಮ್ದೋದಲ್ಲಿ ಆ ಏರಿಳಿತವೇ ಇಲ್ಲ. ರಾಜಧಾನಿಯ ಮಾತೇ ಶುದ್ಧ ಅನ್ನುವವರು ಎಲ್ಲ ಕಡೆ ಇರುತ್ತಾರೆ. ಇಲ್ಲಿ ಬರಹಕ್ಕೆ ಹತ್ತಿರ ಇರುವುದು ಗಡಿಯವರ ಮಾತು ಅನ್ನುವುದೇ ನನಗೆ ಮಜಾ ಅನಿಸುವ ಸಂಗತಿ.

ಲಾಸಾದವರ ಹೆಚ್ಚುಗಾರಿಕೆ ಮರ್ಯಾದೆಯ ಮಾತಿನಲ್ಲಿ. ಅದಕ್ಕೆ 'ಶೆಸಾ' ಅನ್ನುತ್ತಾರೆ. ತಲೆ, ಕೈ, ಊಟ, ಹೋಗುವುದು, ಬರುವುದು, ಎಲ್ಲಕ್ಕೂ ಗೌರವದ ಬೇರೆ ಪದವೇ ಉಂಟು. ಆಮ್ದೋದಲ್ಲಿ ಇದು ಕಡಿಮೆ, ಹಾಗಾಗಿ ಅವರ ಮಾತು ಲಾಸಾದವರ ಕಿವಿಗೆ ಒರಟು.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟರು. ಅವರ ಹಿಂದೆ ಸುಮಾರು 80,000 ಜನ ಗಡಿ ದಾಟಿದರು. ಆಗಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯೂ ನಮ್ಮವರು ಹೇಳುವ 'ಟಿಬೆಟ್ ಕ್ಯಾಂಪ್' ಎದ್ದವು. ಹುಟ್ಟೂರಿನಲ್ಲಿ ತಿಂಗಳುಗಟ್ಟಲೆ ದಾರಿ ದೂರವಿದ್ದವರು ಇಲ್ಲಿ ಅಕ್ಕಪಕ್ಕದ ಮನೆಯವರಾದರು. ಮಠಗಳಲ್ಲಿ ಮಾತ್ರ ಊರಿನ ಗುರುತು ಉಳಿಯಿತು. ಬೈಲಕುಪ್ಪೆಯ ಸೆರಾ, ಮುಂಡಗೋಡದ ದ್ರೆಪುಂಗ್ ಮಠಗಳ ಖಾಂಗ್ತ್ಸೆನ್ ಎಂಬ ವಸತಿಮನೆಗಳು ಇವತ್ತಿಗೂ ಹುಟ್ಟೂರಿನ ಪ್ರಾಂತ್ಯಕ್ಕೆ ತಕ್ಕಂತೆ ಇವೆ.

ಮಕ್ಕಳು ಒಂದೇ ಶಾಲೆಗೆ ಬಂದರು. ಅಲ್ಲಿ ಲಾಸಾ ಕಡೆಯ ನುಡಿಯೇ ನಡುವಿನ ನುಡಿಯಾಯಿತು. ಸುತ್ತ ನಮಸ್ತೆ, ಹಲೋ ಕೇಳುತ್ತಿದ್ದ ಮಕ್ಕಳಿಗೆ ತಮ್ಮದೇ ಒಂದು ಮಾತು ಬೇಕಿತ್ತು. ಯಾವ ಕಣಿವೆಯ ಸೊಗಡೂ ಅಂಟದ, ದೊಡ್ಡವರಿಗೂ ಹೊರಗಿನ ಅತಿಥಿಗೂ ಒಪ್ಪುವ ಮಾತು. ಹಬ್ಬದ ಹಾರೈಕೆ ಕೈಗೆ ಸಿಕ್ಕಿತು. 1980ರ ದಶಕದಲ್ಲಿ ಟಿಬೆಟ್ ಪ್ರವಾಸಿಗರಿಗೆ ತೆರೆದ ಮೇಲೆ ಅಲ್ಲಿಯ ಹೋಟೆಲು, ಅಂಗಡಿಗಳಲ್ಲೂ ಅದೇ ಚಾಲ್ತಿಗೆ ಬಂತು.

ಕ್ಯಾಂಪಿಗೆ ಹೋದಾಗ ದೊಡ್ಡವರಿಗೆ ಕೊನೆಗೊಂದು 'ಲಾ' ಸೇರಿಸಿ 'ತಾಶಿ ದೆಲೆ ಲಾ' ಅನ್ನಿ, ಗೌರವ ಕೊಟ್ಟ ಹಾಗೆ. ಹೊರಡುವಾಗ ಅದನ್ನೇ ಮತ್ತೆ ಹೇಳಬೇಕಿಲ್ಲ. ಉಳಿಯುವವರಿಗೆ 'ಕಲೆ ಶು', ಅಂದರೆ ನಿಧಾನವಾಗಿ ಕೂತಿರಿ. ಅವರು 'ಕಲೆ ಫೆ' ಅನ್ನುತ್ತಾರೆ, ನಿಧಾನವಾಗಿ ಹೋಗಿ ಅಂತ.