ಪದಗಳ ನೆರೆಹೊರೆಯಲ್ಲಿ ಪಕ್ಷಪಾತದ ಹುಡುಕಾಟ

ಒಂದು ಧಾರ್ಮಿಕ ಸಮುದಾಯದ ಬಗ್ಗೆ ಪತ್ರಿಕೆ ಪಕ್ಷಪಾತದಿಂದ ಬರೆಯುತ್ತಿದೆ ಎಂದು ದೂರುವವರು ಒಂದೆರಡು ಕೆಟ್ಟ ಶೀರ್ಷಿಕೆಗಳನ್ನು ಮುಂದಿಡುತ್ತಾರೆ. ಅಲ್ಲಗಳೆಯುವವರೂ ಅಷ್ಟೇ ಸಲೀಸಾಗಿ ಒಂದೆರಡು ಒಳ್ಳೆಯ ವರದಿಗಳನ್ನು ಹೆಕ್ಕಿ ತರುತ್ತಾರೆ. ಈ ಜಗ್ಗಾಟ ಬೇಡವೆಂದೇ ಭಾಷಾ ದತ್ತಾಂಶದಲ್ಲಿ ಕೆಲಸ ಮಾಡುವ ನಾವು ವರ್ಷಗಟ್ಟಲೆಯ ವರದಿಗಳನ್ನು ಒಂದೆಡೆ ಕೂಡಿಹಾಕಿ, ಸಮುದಾಯದ ಹೆಸರಿನ ಅಕ್ಕಪಕ್ಕ ಯಾವ ಪದಗಳು ನಿರೀಕ್ಷೆಗಿಂತ ಹೆಚ್ಚು ಸಲ ಬರುತ್ತವೆ ಎಂದು ಲೆಕ್ಕ ಹಾಕುತ್ತೇವೆ.

ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಪಾಲ್ ಬೇಕರ್ ಮತ್ತು ಸಂಗಡಿಗರು 1998ರಿಂದ 2009ರವರೆಗೆ ಅಲ್ಲಿನ ಪತ್ರಿಕೆಗಳಲ್ಲಿ ಇಸ್ಲಾಂ ಕುರಿತು ಬಂದ ಸುಮಾರು 14.3 ಕೋಟಿ ಪದಗಳನ್ನು ಹೀಗೆ ಜಾಲಾಡಿದರು. ನೇರ ನಿಂದನೆ ಕಂಡದ್ದು ಕಡಿಮೆ. ಆದರೆ ‘ಮುಸ್ಲಿಂ ಸಮುದಾಯ’, ‘ಮುಸ್ಲಿಂ ಜಗತ್ತು’ ಎಂಬ ಜೋಡಿಪದಗಳು ಮತ್ತೆ ಮತ್ತೆ ಎದುರಾದವು. ಕೋಟ್ಯಂತರ ಜನರೆಲ್ಲ ಒಂದೇ ಮನಸ್ಸಿನವರು ಎನ್ನಿಸುವ ಬಳಕೆ ಅದು. ಬಯ್ಗುಳವಲ್ಲವಾದ್ದರಿಂದ ಸಂಪಾದಕರ ಕಣ್ಣಿಗೂ ಬೀಳುವುದಿಲ್ಲ.

ಈಚೆಗೆ ಸಿದ್ಧ ತಂತ್ರಾಂಶಗಳು ವಾಕ್ಯಗಳ ಧಾಟಿ ಒಳ್ಳೆಯದಾದರೆ ಧನಾತ್ಮಕ, ಕೆಟ್ಟದಾದರೆ ಋಣಾತ್ಮಕ ಎಂದು ಅಂಕ ಕೊಡುತ್ತವೆ. ಇವುಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಪದಪಟ್ಟಿ ನೋಡಿ ಅಂಕ ಕೊಡುವ ತಂತ್ರಾಂಶಕ್ಕೆ ‘ದಾಳಿ’ ಋಣಾತ್ಮಕ ಪದ, ಅಷ್ಟೇ. ಪ್ರಾರ್ಥನಾ ಮಂದಿರದ ಮೇಲೆ ದಾಳಿ ನಡೆದರೂ, ಆ ಮತದವನೊಬ್ಬ ದಾಳಿ ಮಾಡಿದರೂ ಅಂಕ ಒಂದೇ. ಪೆಟ್ಟು ತಿಂದವರ ಖಾತೆಗೂ ಅಪಕೀರ್ತಿಯೇ ಜಮೆಯಾಗುತ್ತದೆ! ಅದಕ್ಕೇ ಪ್ರತಿ ಪದವನ್ನೂ ಅದರ ಹಿಂದುಮುಂದಿನ ಸಾಲುಗಳೊಡನೆ ಓದಬೇಕು. ಎಲ್ಲವನ್ನೂ ಓದಲಾಗದಿದ್ದರೆ ಯಾದೃಚ್ಛಿಕವಾಗಿ ಆರಿಸಿದ ಕೆಲವು ನೂರನ್ನಾದರೂ ಓದಬೇಕು. ಕ್ರಿಯಾಪದದ ಕರ್ತೃ ಯಾರು, ಕರ್ಮ ಯಾರು, ಕರ್ಮಣಿ ಪ್ರಯೋಗದಲ್ಲಿ ಮಾಡಿದವನು ಮಾಯವಾಗಿದ್ದಾನೆಯೇ ಎಂಬುದು ಆಗಲೇ ತಿಳಿಯುವುದು.

ಲೆಕ್ಕಕ್ಕೆ ಮುನ್ನ ನಕಲುಗಳನ್ನು ತೆಗೆಯಬೇಕು. ಸುದ್ದಿಸಂಸ್ಥೆಯ ಒಂದೇ ವರದಿ ಹಲವು ಪತ್ರಿಕೆಗಳಲ್ಲಿ ಅಚ್ಚಾಗಿ ಸಂಖ್ಯೆಯನ್ನು ಉಬ್ಬಿಸಿರುತ್ತದೆ.

ಇಷ್ಟಾದರೂ ‘ಪತ್ರಿಕೆ ಇದ್ದದ್ದನ್ನೇ ಬರೆದಿದೆ’ ಎಂಬ ವಾದಕ್ಕೆ ಉತ್ತರ ಸಿಗಬೇಕಾದರೆ ಹೋಲಿಕೆ ಬೇಕೇ ಬೇಕು. ಒಂದೇ ಬಗೆಯ ಅಪರಾಧದ ವರದಿಗಳನ್ನು ಎತ್ತಿಕೊಂಡು, ಯಾವ ಆರೋಪಿಯ ಮತ ಶೀರ್ಷಿಕೆಗೆ ಏರಿತು, ಯಾರದು ಕೊನೆಯ ಪ್ಯಾರಾದಲ್ಲಿ ಉಳಿಯಿತು, ಯಾರದು ಬರಲೇ ಇಲ್ಲ ಎಂದು ನೋಡುತ್ತೇನೆ. ಬಾರದೇ ಹೋದದ್ದನ್ನು ಪದಹುಡುಕಾಟ ತೋರಿಸದು. ಆದ್ದರಿಂದ ಅಂಥ ಅಧ್ಯಯನಕ್ಕೆ ವರದಿಗಳನ್ನು ಸಮುದಾಯದ ಹೆಸರು ಹುಡುಕಿ ಆರಿಸಬಾರದು, ಘಟನೆಯನ್ನು ಹಿಡಿದು ಆರಿಸಬೇಕು.